ಮಾಪಣ್ಣ ಮಲಗಿಸಿಟ್ಟ ಸೆಲ್ಲುಗಳು

ತುರ್ಭೆಯ ಚಾಳಿನ ಆ ಒಂದೇ ಕೋಣೆಯ ಖೋಲಿಯಲ್ಲಿ ಒಂದು ಹಲಗೆ ಇದೆ. ಒಲೆಯಿಂದ ದೂರ, ಕಿಟಕಿಗೆ ಹತ್ತಿರ. ಬೇರೆಯವರ ಮನೆಯಲ್ಲಿ ಅಂಥ ಜಾಗದಲ್ಲಿ ದೇವರಿರುತ್ತದೆ, ಇಲ್ಲವೇ ಟಿವಿ ಇರುತ್ತದೆ. ಮಾಪಣ್ಣನ ಮನೆಯಲ್ಲಿ ಬ್ಯಾಟರಿಯ ಸೆಲ್ಲುಗಳು ಮಲಗಿದ್ದವು. ಹೆಬ್ಬೆರಳಿನಷ್ಟು ದಪ್ಪ, ಅದಕ್ಕಿಂತ ತುಸು ಉದ್ದ. ಕೆಲವಕ್ಕೆ ಹಸಿರು ಅಂಗಿ, ಕೆಲವಕ್ಕೆ ಗುಲಾಬಿ. ಒಂದಕ್ಕೊಂದು ತಾಗದ ಹಾಗೆ ರಟ್ಟಿನ ಗೂಡುಗಳಲ್ಲಿ ಸಾಲಾಗಿ. ದೇವರು ಕೆಳಗೆ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕ ಕೂತಿತ್ತು. ದೇವರು ಏನೂ ಅನ್ನಲಿಲ್ಲ. ಹೆಂಡತಿ ಚಂದ್ರಬಾಯಿ ಅಂದಳು. ದಿನಾ ಅಂದಳು.

ಮಾಪಣ್ಣ ಕಲಬುರಗಿ ಕಡೆಯವನು. ಕಟ್ಟಡಗಳಲ್ಲಿ ಡ್ರಿಲ್ಲು ಹಿಡಿಯುವ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಠಾಣೆ, ಕಲ್ಯಾಣ, ಡೊಂಬಿವಲಿ ಅಂತ ಎಷ್ಟು ಗೋಡೆಗೆ ತೂತು ಹಾಕಿದನೋ ಅವನಿಗೇ ಗೊತ್ತಿಲ್ಲ. ತನ್ನ ಖೋಲಿಯ ಗೋಡೆಗೆ ಆ ಹಲಗೆ ಹೊಡೆಯಲು ಮಾತ್ರ ಎರಡು ದೀಪಾವಳಿ ಬೇಕಾದವು.

ಈಗಿನ ಡ್ರಿಲ್ಲಿಗೆ ವಾಯರ್ ಇಲ್ಲ. ಹಿಡಿಕೆಯ ಕೆಳಗೆ ಬ್ಯಾಟರಿ. ಅದರ ಹೊಟ್ಟೆಯಲ್ಲಿ ಐದು ಸೆಲ್ಲು, ದೊಡ್ಡದಾದರೆ ಹತ್ತು. ಅವುಗಳಲ್ಲಿ ಒಂದು ಕೆಟ್ಟರೂ ಚಾರ್ಜರಿನಲ್ಲಿ ಕೆಂಪು ದೀಪ ಮಿಟುಕುತ್ತದೆ. ಠೇಕೇದಾರ ಇಡೀ ಬ್ಯಾಟರಿಯನ್ನೇ ಕಸಕ್ಕೆ ಎಸೆಯುತ್ತಾನೆ. ಮಾಪಣ್ಣನಿಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಕೇಳಿ ಮನೆಗೆ ತರುತ್ತಿದ್ದ.

“ಐದು ಮಂದ್ಯಾಗ ಒಬ್ಬಂವ ಸತ್ರ ಐದೂ ಮಂದೀನ ಮಣ್ಣಿಗಿ ಹಾಕ್ತಾರೇನ ಚಂದ್ರಿ?”

“ನಿಮ್ಮ ಮಂದೀನ ನಿಮ್ಮ ಹಲಗಿ ಮ್ಯಾಲ ಇಟ್ಕೊಳ್ರಿ. ನನ್ನ ರೊಟ್ಟಿ ಬುಟ್ಟ್ಯಾಗ ಬ್ಯಾಡ.”

ಭಾನುವಾರ ಅವನು ಬ್ಯಾಟರಿ ಬಿಚ್ಚಲು ಕೂತರೆ ಮದುವೆ ಮನೆಯ ಗಾಂಭೀರ್ಯ. ಮೊದಲು ನಾಲ್ಕು ಸ್ಕ್ರೂ. ಆಮೇಲೆ ಸೆಲ್ಲುಗಳನ್ನು ಕೂಡಿಸಿದ ತೆಳು ತಗಡಿನ ಪಟ್ಟಿ. ಅದನ್ನು ಇಕ್ಕಳದಿಂದ ಮೆಲ್ಲಗೆ ಸುತ್ತಿ ಸುತ್ತಿ ಬಿಡಿಸುತ್ತಿದ್ದ. ಅವಸರ ಮಾಡಿದರೆ ಎರಡು ತುದಿ ತಾಗಿ ಕಿಡಿ ಹಾರುತ್ತದೆ. ಪಕ್ಕದಲ್ಲಿ ಹಳೆ ಗಡಿಗೆಯ ತುಂಬ ಮರಳು. ಯಾವುದಾದರೂ ಬಿಸಿಯಾದರೆ ಅದರಲ್ಲಿ ಹೂಳಲು. ಅಂಗಿ ಹರಿದದ್ದು, ತುಕ್ಕು ಹಿಡಿದದ್ದು ಬೇರೆ ಡಬ್ಬಿಗೆ. ಉಳಿದವನ್ನು ವೋಲ್ಟು ತೋರಿಸುವ ಮೀಟರಿಗೆ ಹಿಡಿದು ನೋಡುತ್ತಿದ್ದ. ಚಂದ್ರಬಾಯಿ ಮೂರನೇ ಇಯತ್ತೆಯವರೆಗೆ ಓದಿದವಳು. ಅಂಕಿ ಬರುತ್ತಿತ್ತು. ಆಕೆ ರೊಟ್ಟಿ ಬಡಿಯುತ್ತಿದ್ದರೆ ಅವನು ಪಾಠ ಹೇಳುತ್ತಿದ್ದ.

“ನಾಕರ ಮ್ಯಾಲ ಇದ್ರ ಹೊಟ್ಟಿ ತುಂಬೇದ. ಮೂರಕ್ಕ ಬಂದ್ರ ಹಸದದ. ಎರಡರ ಕೆಳಗ ಹೋದ್ರ ಹೆಣ. ಹೆಣಕ್ಕ ಉಣಸಾಕ ಹೋಗಬ್ಯಾಡ, ಉರೀತದ.”

“ನನಗ್ಯಾಕ ಹೇಳ್ತೀರಿ? ನಾ ಏನ್ ಸೆಲ್ಲಿಗಿ ಉಣಸ್ಲಾಕ ಬಂದೀನೇನು?”

ಸೆಲ್ಲು ಬದುಕಿದೆ ಅಂತ ಗೊತ್ತಾದರೂ ಅವನು ಕೂಡಲೇ ಬಳಸುತ್ತಿರಲಿಲ್ಲ. ಪೂರ್ತಿ ಚಾರ್ಜು ಮಾಡಿ, ಯಾವ ಸೈಟಿನದು, ಎಂದು ಮಲಗಿಸಿದ್ದು, ಮೀಟರ್ ಎಷ್ಟು ತೋರಿಸಿತು ಅಂತ ಚೀಟಿ ಅಂಟಿಸಿ ಹಲಗೆಯ ಮೇಲೆ ಹದಿನೈದು ದಿನ ಬಿಡುತ್ತಿದ್ದ. ಚಾರ್ಜು ಮಾಡಿದ ದಿನ ಎಲ್ಲವೂ ನಾಲ್ಕರ ಮೇಲೇ ತೋರಿಸುತ್ತವಂತೆ. ಒಳಗೇ ಸೋರುವವು ಯಾವುವು ಅಂತ ಹದಿನೈದು ದಿನದ ಮೇಲೆ ಗೊತ್ತಾಗುತ್ತದಂತೆ. ಹದಿನೈದು ಅಂದದ್ದು ತಿಂಗಳಾಗುತ್ತಿತ್ತು. ಸೆಲ್ಲು ಮಲಗಿದ ಹಾಗೇ ಅವನೂ ಮಲಗುತ್ತಿದ್ದ. ಕೇಳಿದರೆ, “ತಪಾಸಣಿ ನಡದದ” ಅನ್ನುತ್ತಿದ್ದ.

ಒಂದು ಸಲ ಠಾಣೆಯಿಂದ ಲೋಕಲಿನಲ್ಲಿ ಬರುವಾಗ ಎರಡು ಸೆಲ್ಲನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಅದೇ ಜೇಬಿನಲ್ಲಿ ತಂಬಾಕು-ಸುಣ್ಣದ ತಗಡಿನ ಡಬ್ಬಿ ಇತ್ತು. ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ. ಐರೋಲಿ ದಾಟಿದ ಮೇಲೆ ತೊಡೆ ಚುರುಗುಟ್ಟಿತು. ಪಕ್ಕದವನು ಚಿವುಟಿದ ಅಂತ ಮಾಪಣ್ಣ ಅವನನ್ನು ದುರುಗುಟ್ಟಿ ನೋಡಿದ. ಅವನು ತಿರುಗಿ ನೋಡಿದ. ಅಷ್ಟರಲ್ಲಿ ಡಬ್ಬಿಯ ತಗಡು ಸೆಲ್ಲಿನ ಎರಡೂ ತುದಿಗೆ ತಾಗಿ ಜೇಬಿನಿಂದ ಹೊಗೆ ಬಂತು. ರಬಾಳೆಯಲ್ಲಿ ಹಾರಿ ಇಳಿದು ಪ್ಲಾಟ್‌ಫಾರ್ಮಿನ ಮೇಲೆ ಪ್ಯಾಂಟು ಬಿಚ್ಚಿದ. ಪೊಲೀಸ್ ಬಂದು, “ಕಾಯ್ ಝಾಲಂ ಬಾಬಾ?” ಏನಾಯಿತಪ್ಪ ಅಂತ ಮರಾಠಿಯಲ್ಲಿ ಕೇಳಿದ. “ಸುಣ್ಣದ ಡಬ್ಬಿ” ಅಂದ ಇವನು. ಮನೆಗೆ ಬಂದಾಗ ಪ್ಯಾಂಟಿಗೊಂದು ತೂತು, ತೊಡೆಗೊಂದು ಬೊಬ್ಬೆ.

ಚಂದ್ರಬಾಯಿ ತಣ್ಣೀರು ಹಾಕಿದಳು. ಹಾಕುತ್ತಾ ನಕ್ಕಳು. ನಗು ನಿಲ್ಲದೆ ನೀರೆಲ್ಲ ಹಾಸಿಗೆಗೆ ಹೋಯಿತು. ಮರುದಿನ ಹಳೆ ಕುಪ್ಪಸದ ಅರಿವೆಯಲ್ಲಿ ಸೆಲ್ಲಿಗೊಂದರಂತೆ ಎಂಟು ಕಿಸೆಯ ಚೀಲ ಹೊಲಿದು ಕೊಟ್ಟಳು. ಮಾಪಣ್ಣ ಪಾಠ ಕಲಿತ. ತಂಬಾಕು ಬಿಡಲಿಲ್ಲ. ಡಬ್ಬಿ ಮಾತ್ರ ಪ್ಲಾಸ್ಟಿಕ್ಕಿನದು ತಂದುಕೊಂಡ.

ಗಂಡಹೆಂಡಿರ ನಡುವೆ ಒಂದು ಜಗಳ ಮಾತ್ರ ಮುಗಿಯಲೇ ಇಲ್ಲ. ಯಾವ ಕಡೆಯ ಸೈಟಿನಿಂದ ಬಂದ ಸೆಲ್ಲು ಒಳ್ಳೆಯದು ಅನ್ನುವುದು.

“ಸೆಲ್ಲಂದ್ರ ಘೋಡಬಂದರ್ ರೋಡಿಂದು” ಅನ್ನುತ್ತಿದ್ದ ಅವನು. “ಮೂವತ್ತು ಮಾಳಗಿ ಬಿಲ್ಡಿಂಗು. ಅಲ್ಲಿ ಮಷೀನೆಲ್ಲಾ ಭಾರಿ ಕಂಪನಿದು.”

“ಸಾಹೇಬರ ಬಿಲ್ಡಿಂಗಿನ ಸೆಲ್ಲು ಸಾಹೇಬರಂಗೇ ಇರ್ತಾವ. ಲಿಫ್ಟ್ ಬಂದ್ ಆದ್ರ ಕೂತು ಬಿಡ್ತಾವ. ಕಳವಾ ಊರಿನ ಸೆಲ್ಲು ನೋಡ್ರಿ, ದಣಿಯಂಗಿಲ್ಲ.”

“ಲಗ್ನ ಆಗಿ ನಾಕು ವರ್ಷ ನೀ ಕಳವಾ ಊರಾಗ ಇದ್ದಿ ಅಂತ ಅಲ್ಲಿನ ಸೆಲ್ಲಿಗೂ ನಿನ್ನ ಸೊಕ್ಕು ಬಂದದೇನು?”

ಜೂನ್ ಹನ್ನೊಂದಕ್ಕೆ ಇದನ್ನು ಬಗೆಹರಿಸಿಯೇ ಬಿಡೋಣ ಅಂತ ಮಾಪಣ್ಣ ಆರು ಘೋಡಬಂದರ್, ಆರು ಕಳವಾ ಸೆಲ್ಲು ಒಟ್ಟಿಗೆ ಚಾರ್ಜು ಮಾಡಿ ಮಲಗಿಸಿದ. “ಹದಿನೈದು ದಿನ ತಡಿ. ಆಮ್ಯಾಲ ಮಾತಾಡು” ಅಂದ.

ಮರುದಿನ ಸೈಟಿನಲ್ಲಿ ಊಟದ ಡಬ್ಬಿ ತೆರೆದವನು ಎದೆ ಹಿಡಿದುಕೊಂಡು ಒರಗಿದ, ಮತ್ತೆ ಏಳಲಿಲ್ಲ. ಡಬ್ಬಿ ಮನೆಗೆ ಬಂತು. ರೊಟ್ಟಿ ಮುರಿದಿರಲಿಲ್ಲ.

ಆಮೇಲೆ ಆ ಹಲಗೆಯನ್ನು ಯಾರೂ ಮುಟ್ಟಲಿಲ್ಲ. ಚಂದ್ರಬಾಯಿ ಅದರ ಕೆಳಗಿನವರೆಗೆ ಜಾಡಿಸಿ ಕೈ ಹಿಂದಕ್ಕೆ ತೆಗೆಯುತ್ತಿದ್ದಳು.

ಆಕೆಗೆ ದಾರಿಗಳು ಕೂಡುವ ತುರ್ಭೆ ನಾಕೆಯಲ್ಲಿ ಸೇತುವೆಯ ಕೆಳಗೆ ರೊಟ್ಟಿ ಅಂಗಡಿ. ಅಂಗಡಿ ಅಂದರೆ ಒಂದು ಮೇಜು, ಒಂದು ಒಲೆ, ಮೇಲೊಂದು ದೀಪ. ಬೀದಿ ದೀಪ ಅಲ್ಲಿಗೆ ಮುಟ್ಟುವುದಿಲ್ಲ. ಮೂರು ಸೆಲ್ಲು ಹಾಕಿ ಮಾಪಣ್ಣ ಮಾಡಿಕೊಟ್ಟ ದೀಪ ಅದು. ರಾತ್ರಿ ಅದರ ಡಬ್ಬಿಯನ್ನು ಚಾರ್ಜಿಗೆ ಹಾಕಿ ಮರುಸಂಜೆ ಆರೂವರೆಗೆ ಹಚ್ಚಿದರೆ ಒಂಬತ್ತೂವರೆಗೆ ಅಂಗಡಿ ಮುಚ್ಚುವ ತನಕ ಬರುತ್ತಿತ್ತು. ಸಂಕ್ರಾಂತಿ ಆದ ಮೇಲೆ ಅದಕ್ಕೆ ಏನೋ ಆಯಿತು. ಏಳೂವರೆಗೇ ಕಣ್ಣು ಮುಚ್ಚತೊಡಗಿತು. ಕತ್ತಲಲ್ಲಿ ರೊಟ್ಟಿ ಯಾರು ಕೊಳ್ಳುತ್ತಾರೆ? ಗಿರಾಕಿಗಳು ಬೆಳಕಿದ್ದ ವಡಾಪಾವ್ ಗಾಡಿಗೆ ಹೋದರು.

ಎದುರಿನ ಹೋಟೆಲಿನ ಮ್ಯಾನೇಜರ್ ಕಿಟ್ಟಣ್ಣ ಮಾತ್ರ ಬಂದ. ಉಡುಪಿಯವನು, ಸಕ್ಕರೆ ಕಾಯಿಲೆ, ದಿನಾ ಎರಡು ರೊಟ್ಟಿ.

“ಎಂತ ಚಂದ್ರಕ್ಕ, ನಿಮ್ಮ ದೀಪಕ್ಕೆ ನನಗಿಂತ ಮೊದಲು ನಿದ್ದೆ ಬರ್ತದಲ್ಲ ಮಾರಾಯ್ರೆ.”

“ದಿನಾ ನಿಮ್ಮ ಮಾರಿ ನೋಡಿ ಅದಕ್ಕ ಬ್ಯಾಸರ ಬಂದದ ಕಿಟ್ಟಣ್ಣಾರೆ.”

ಅದೇ ವಾರ ಮೈದುನ ಅಂಬಾದಾಸ ಬಂದ. ಅವನೂ ಸೈಟಿನ ಕೆಲಸದವನೇ. ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ಭಾಗ್ಯಾ ಭಾನುವಾರ ಊರಿಂದ ಬರುವವಳಿದ್ದಳು. ಇನ್ನು ಮೇಲೆ ಮೂವರೂ ಈ ಖೋಲಿಯಲ್ಲೇ ಅಂತ ಮಾತಾಗಿತ್ತು.

“ವೈನಿ, ಒಂದು ಮಾತು. ಬ್ಯಾಟರಿ ಸಿಡಿಯೋ ವಿಡಿಯೋ ನೋಡಿ ಭಾಗ್ಯಾ ಅಂಜ್ಯಾಳ. ಆ ಹಲಗಿ ಖಾಲಿ ಮಾಡೋಣು.”

“ನಿನ್ನ ಮದಿವ್ಯಾಗ ಅಷ್ಟು ಪಟಾಕಿ ಹಾರಿಸಿದ್ರಿ. ಆವಾಗ ಅಂಜಲಿಲ್ಲೇನು?”

“ನಗಬ್ಯಾಡ್ರಿ. ಎಂಟು ತಿಂಗಳಾತು, ಅವು ಕೆಲಸಕ್ಕ ಬರಂಗಿಲ್ಲ. ದೀಪಾನೂ ಮುಗೀತು. ವಾಶಿಯಾಗ ಹೊಸಾದು ತರ್ತೀನಿ.”

“ದೀಪ ಮುಗದಿಲ್ಲ.”

“ಹಂಗಾದ್ರ ಐತವಾರದೊಳಗ ಹಚ್ಚಿ ತೋರಸ್ರಿ. ಏಳೂವರಿ ದಾಟಿ ಹತ್ತಿದ್ರ ಹಲಗಿ ಇರ್ಲಿ. ಇಲ್ಲಾಂದ್ರ ಎಲ್ಲಾ ಹಳಿ ಬ್ಯಾಟರಿ ಒಯ್ಯೋರಿಗಿ ಕೊಟ್ಟು ಬಿಡ್ತೀನಿ.”

ಅವನು ಅಂದದ್ದು ತಪ್ಪಲ್ಲ. ಅದು ಆಕೆಗೂ ಗೊತ್ತಿತ್ತು. ಅದಕ್ಕೇ ಸಿಟ್ಟು ಬಂತು.

ಗುರುವಾರ ಬೆಳಿಗ್ಗೆ ಚಂದ್ರಬಾಯಿ ಕೈಬಳೆ ಬಿಚ್ಚಿಟ್ಟಳು. ಲೋಹ ಏನೂ ಕೈಯಲ್ಲಿ ಇರಬಾರದು ಅಂತ ಗಂಡ ಸಾರಿ ಸಾರಿ ಹೇಳಿದ್ದ. ಮರಳಿನ ಗಡಿಗೆ ಪಕ್ಕಕ್ಕೆ ಎಳೆದುಕೊಂಡಳು. ದೀಪದ ಡಬ್ಬಿ ತೆರೆದಳು. ಮೂರು ಮನೆಯ ಪ್ಲಾಸ್ಟಿಕ್ ಗೂಡು, ಮೂರು ಸೆಲ್ಲು. ಮೀಟರ್ ಹಿಡಿದಳು. ಎರಡು ಸರಿ ಇದ್ದವು. ಒಂದು ಮೂರಕ್ಕೆ ಬಂದಿತ್ತು. ಹಸಿದಿದೆ ಪಾಪ ಅಂತ ಅದೊಂದನ್ನೇ ಚಾರ್ಜರಿಗೆ ಹಾಕಿದಳು. ಮಧ್ಯಾಹ್ನ ನೋಡಿದರೆ ನಾಲ್ಕರ ಮೇಲೆ. ಇಷ್ಟೇ ಕೆಲಸಕ್ಕೆ ಆ ಮನುಷ್ಯ ಹದಿನೈದು ದಿನ ತೆಗೆದುಕೊಳ್ಳುತ್ತಿದ್ದನಲ್ಲ ಅಂತ ನಗು ಬಂತು.

ಸಂಜೆ ದೀಪ ಹಚ್ಚಿದಳು. ಏಳೂವರೆಗೆ ಆರಿತು.

“ಶುಭರಾತ್ರಿ” ಅಂದ ಕಿಟ್ಟಣ್ಣ ಕತ್ತಲಲ್ಲಿ.

ಶುಕ್ರವಾರ ಆಕೆ ಹಲಗೆಯ ಮುಂದೆ ನಿಂತಳು. ಚಾರ್ಜು ಮಾಡಿದ ದಿನ ಎಲ್ಲವೂ ನಾಲ್ಕರ ಮೇಲೇ ತೋರಿಸುತ್ತವೆ ಅನ್ನುವ ಮಾತು ಈಗ ನೆನಪಾಯಿತು. ಬೇರೆ ಸೆಲ್ಲು ಹಾಕಬೇಕೆಂದರೆ ಮಲಗಿಸಿ ಹದಿನೈದು ದಿನ ಕಾಯಬೇಕು. ಭಾನುವಾರಕ್ಕೆ ಎರಡೇ ದಿನ. ಮೊದಲ ಸಲ ರಟ್ಟಿನ ಗೂಡು ಕೆಳಗಿಳಿಸಿದಳು. ಧೂಳು ಊದಿದಳು. ಚೀಟಿಯ ಮೇಲೆ ಅವನ ಕಾಗೆ ಕಾಲಿನ ಅಕ್ಷರ. ಘೋಡಬಂದರ್, 11-6, 4.16. ಕಳವಾ, 11-6, 4.16.

ಆಕೆ ಅದನ್ನು ಎರಡು ಸಲ ಓದಿದಳು. ಹನ್ನೊಂದು, ಆರು. ಚಾರ್ಜು ಮಾಡಿ ಮಲಗಿಸಿದ್ದು ಅಂದು. ಇಂದು ಫೆಬ್ರವರಿ. ಯಾರೂ ಮುಟ್ಟಿಲ್ಲ. ಮುಟ್ಟಲು ಆಕೆಯೇ ಬಿಟ್ಟಿಲ್ಲ. ಕಾಯುವ ಕೆಲಸ ಮುಗಿದೇ ಹೋಗಿತ್ತು.

ಮೀಟರ್ ತಂದಳು. ಮೊದಲು ಘೋಡಬಂದರ್. ಎರಡು ಹೆಣ. ಮೂರು ಮೂರರ ಹತ್ತಿರ. ಒಂದು 3.90. ಆಮೇಲೆ ಕಳವಾ. ಎರಡು 3.80. ಒಂದು ಹೆಣ. ಅದನ್ನು ಯಾರೂ ನೋಡುತ್ತಿರದಿದ್ದರೂ ಬೇಗನೆ ಬದಿಗೆ ಸರಿಸಿದಳು. ಉಳಿದ ಮೂರು 4.09, 4.10, 4.09. ಎಂಟು ತಿಂಗಳು ಮಲಗಿಯೂ ಒಂದು ಗುಟುಕಿಗಿಂತ ಹೆಚ್ಚು ಚೆಲ್ಲಿರಲಿಲ್ಲ.

“ನೋಡ್ರಿ, ನಾ ಹೇಳಿರಲಿಲ್ಲೇನು—” ಅಂತ ಆಕೆ ಹಿಂದಕ್ಕೆ ತಿರುಗಿದಳು.

ಖೋಲಿಯಲ್ಲಿ ಯಾರಿದ್ದಾರೆ? ಗೆದ್ದಾಗಿತ್ತು. ಸೋತವನು ಇರಲಿಲ್ಲ. ಆಮೇಲೆ ಎದ್ದು ಮುಖ ತೊಳೆದು ಮೂರು ಸೆಲ್ಲನ್ನು ಗೂಡಿಗೆ ಹಾಕಿದಳು. ಯಾವ ತುದಿ ಯಾವ ಕಡೆ ಅಂತ ಹಳೆಯವನ್ನು ನೋಡಿ ನೋಡಿ ಹಾಕಿದಳು.

ಸಂಜೆ ಅಂಬಾದಾಸ ಕೆಲಸ ಮುಗಿಸಿ ಸೀದಾ ಅಂಗಡಿಗೆ ಬಂದ. ದೀಪ ಉರಿಯುತ್ತಿತ್ತು. ಗಡಿಯಾರ ನೋಡಿದ. ಏಳು ಐವತ್ತು. ಸ್ಟೂಲಿನ ಮೇಲೆ ಕೂತ. ದೀಪ ಆರುವುದನ್ನು ಕಾಯುತ್ತಾ ನಾಲ್ಕು ರೊಟ್ಟಿ ತಿಂದ. ಎಂಟೂವರೆಯಾಯಿತು. ಆಕೆ ಸೆಲ್ಲಿನ ಕತೆ ಹೇಳಿದಳು.

“ಅಣ್ಣ ಹದಿನೈದು ದಿನ ಅಂತಿದ್ದ. ನೀವು ಎಂಟು ತಿಂಗಳು ಬಿಟ್ರಿ ವೈನಿ.”

“ನಿಮ್ಮಣ್ಣನ ಕೆಲಸ ಯಾವಾಗ ಹೇಳಿದ ದಿನಕ್ಕ ಮುಗದದ?”

ಅವನು ನಕ್ಕ. ಆಮೇಲೆ ನೆಲ ನೋಡುತ್ತಾ, “ಹಲಗಿ ಇರ್ಲಿ” ಅಂದ. “ಹೆಣಾ ಮಾತ್ರ ತೆಗೀರಿ. ತುದಿಗಿ ಟೇಪ್ ಹಚ್ಚಿ ಕೊಡ್ರಿ, ಬ್ಯಾಟರಿ ಒಯ್ಯೋರಿಗಿ ಮುಟ್ಟಸ್ತೀನಿ. ಭಾಗ್ಯಾಗ ನಾ ಹೇಳ್ತೀನಿ.”

“ನಾನೇ ಹೇಳ್ತೀನಿ. ಮೊದಲು ಮರಳಿನ ಗಡಿಗಿ ತೋರಸ್ತೀನಿ. ಅರ್ಧ ಹಲಗಿ ಅಕಿಗೂ ಬಿಡ್ತೀನಿ.”

ಕಿಟ್ಟಣ್ಣ ಬಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. “ದೀಪ ಸರಿಯಾದದ್ದು ನಿಮಗೇ ನಷ್ಟ ಚಂದ್ರಕ್ಕ. ರೊಟ್ಟಿ ಕರಟಿದ್ದು ಈಗ ಕಾಣ್ತದೆ.”

“ನಿಮ್ಮ ತಲ್ಯಾಗ ಕೂದ್ಲಾ ಇಲ್ಲದ್ದೂ ಕಾಣ್ತದ ಕಿಟ್ಟಣ್ಣಾರೆ.”

ಒಂಬತ್ತೂವರೆಗೆ ಹಿಟ್ಟು ಮುಗಿಯಿತು. ಚಂದ್ರಬಾಯಿ ಒಲೆ ಆರಿಸಿದಳು, ಮೇಜು ಒರೆಸಿದಳು, ಬುಟ್ಟಿ ಕಟ್ಟಿದಳು. ದೀಪ ಇನ್ನೂ ಉರಿಯುತ್ತಿತ್ತು. ಎಷ್ಟೋ ದಿನದಿಂದ ಅದು ತಾನಾಗಿಯೇ ಆರುತ್ತಿತ್ತು, ಸಂಜೆ ಡಬ್ಬಿಯ ವಾಯರ್ ಸಿಕ್ಕಿಸಿದರೆ ತಾನಾಗಿಯೇ ಹತ್ತುತ್ತಿತ್ತು. ಆಕೆ ಕೈ ಮೇಲೆತ್ತಿ ಡಬ್ಬಿಯ ಸುತ್ತ ತಡವಿದಳು. ಸ್ವಿಚ್ಚು ಯಾವ ಕಡೆ ಇದೆ ಅನ್ನುವುದು ಮರೆತೇ ಹೋಗಿತ್ತು.