ಬಾಲಕ್ಕೆ ಸುತ್ತಿದ ಲೈನಿಂಗ್ ಬಟ್ಟೆ

ಯಲಬುರ್ಗಾದಲ್ಲಿ ಬ್ಲೌಸು ಹೊಲಿಸಬೇಕೆಂದರೆ ಹೆಂಗಸರು ದ್ರಾಕ್ಷಾಯಿಣಿಯ ಮನೆಯನ್ನೇ ಹುಡುಕಿಕೊಂಡು ಬರುತ್ತಾರೆ. ಅವಳ ಗಂಡ ಗವಿಸಿದ್ದೇಶ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ಕೆಲಸದಲ್ಲಿ ಪಳಗಿದವನು. ಮೂರು ವರ್ಷದ ಹಿಂದೆ ಮಾಳಿಗೆಯ ಮೇಲೆ ಡಿಶ್ ಸರಿಮಾಡಲು ಹೋಗಿ ಕಾಲು ಜಾರಿ ಬಿದ್ದ. ಜೀವ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲು ಬಂದರೂ ಅವನು ಹತ್ತಲಿಲ್ಲ. ಎರಡೂವರೆ ವರ್ಷ ಹೊಸ್ತಿಲು ದಾಟಲಿಲ್ಲ. ಯಾರಾದರೂ ಕನಿಕರದಿಂದ ಮಾತಾಡಿಸಿದರೆ ಗೋಡೆಯ ಕಡೆ ಹೊರಳಿಬಿಡುತ್ತಿದ್ದ.

ಅಂಥವನು ಒಂದು ದಿನ, ಎದುರು ಮನೆಗೆ ಬಂದ ಫ್ರಿಜ್ಜಿನ ಥರ್ಮಾಕೋಲು ಬೇಕೆಂದು ಹೆಂಡತಿಯನ್ನು ಓಡಿಸಿದ. ರಿಮೋಟಿನಿಂದ ಹಾರುವ ವಿಮಾನವನ್ನು ಯಾರೋ ಮನೆಯಲ್ಲೇ ಮಾಡುವುದನ್ನು ಮೊಬೈಲಿನಲ್ಲಿ ನೋಡಿದ್ದನಂತೆ. ಸಣ್ಣ ಮೋಟರು, ಬ್ಯಾಟರಿ, ರಿಮೋಟು ಪಾರ್ಸೆಲ್ಲಿನಲ್ಲಿ ಬಂದವು. ಎರಡು ತಿಂಗಳಿಗೆ ಎರಡು ಮೊಳ ರೆಕ್ಕೆಯ ಬಿಳಿ ವಿಮಾನ ತಯಾರಾಯಿತು. ಹಾರಿಸಬೇಕಾದರೆ ಬಯಲಿಗೆ ಹೋಗಬೇಕಲ್ಲ! “ಸೈಕಲ್ ಹೊರಗ ತಗಿ” ಎಂದು ಅವನೇ ಹೇಳಿದಾಗ ದ್ರಾಕ್ಷಾಯಿಣಿ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಊರಾಚೆ ಕಡಲೆ ಕಿತ್ತು ಖಾಲಿಯಾದ ಎರೆಹೊಲವಿತ್ತು. ಗಾಳಿ ಏಳುವ ಮೊದಲೇ ಇಬ್ಬರೂ ಅಲ್ಲಿಗೆ ಹೋದರು. ಅವನು ದಾರಿಯಂಚಿನಲ್ಲಿ ರಿಮೋಟು ಹಿಡಿದು ಕೂತ. ಅವಳು ಸೆರಗು ಸಿಗಿಸಿ ವಿಮಾನವನ್ನು ಎಸೆದಳು. ಅದು ತುಸು ದೂರ ಹಾರಿ, ನೋಡನೋಡುತ್ತ ಮೂತಿಯನ್ನು ಆಕಾಶಕ್ಕೆತ್ತಿ, ಗಕ್ಕನೆ ನಿಂತಂತಾಗಿ ಕೆಳಗೆ ಬಿತ್ತು. ಬಾಲ ಮುರಿಯಿತು.

ಮನೆಗೆ ಬಂದು ದ್ರಾಕ್ಷಾಯಿಣಿ ಬಾಲ ಕೂಡಿಸಿ, ಅಂಟು ಹಚ್ಚಿ, ಮೇಲೆ ಲೈನಿಂಗ್ ಬಟ್ಟೆಯ ಪಟ್ಟಿ ಸುತ್ತಿದಳು. ಮರುವಾರ ಮತ್ತೆ ಬಿತ್ತು. ಈ ಸಲ ಎರಡು ಪಟ್ಟಿ ಸುತ್ತಿದಳು. ಇದು ಹಾರದೆ ಹೋದರೆ ಗಂಡ ಮತ್ತೆ ಗೋಡೆಯ ಕಡೆ ಹೊರಳುತ್ತಾನೆಂಬ ಹೆದರಿಕೆ ಅವಳಿಗೆ. ಬಿದ್ದಷ್ಟು ಸಲವೂ ಇನ್ನಷ್ಟು ಗಟ್ಟಿಯಾಗಿ ಸುತ್ತಿದಳು. ತಿಂಗಳು ಕಳೆಯುವಷ್ಟರಲ್ಲಿ ವಿಮಾನ ಎಷ್ಟು ಭಾರವಾಯಿತೆಂದರೆ, ಮೈಯ ಬಲವನ್ನೆಲ್ಲ ಹಾಕಿ ಎಸೆದರೂ ಹತ್ತು ಮಾರು ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಣ್ಣೊರೆಸಲೆಂದು ಮೂತಿಯ ಮುಚ್ಚಳ ತೆಗೆದಳು. ಬ್ಯಾಟರಿಯ ಮುಂದೆ ಐದು ಕಬ್ಬಿಣದ ನಟ್ಟುಗಳಿದ್ದವು.

“ಇವನ್ನ ಯಾಕ ತುಂಬೀರಿ? ಎಸದು ಎಸದು ನನ್ನ ರಟ್ಟಿ ಸೋತು ಹೋಗೈತಿ.”

ಗವಿಸಿದ್ದೇಶ ಮುಖ ತಗ್ಗಿಸಿದ. “ಬಾಲ ಮೊದಲಾ ತುಸು ಭಾರ ಇತ್ತು, ಈಗ ಇನ್ನೂ ಭಾರ ಆಗೈತಿ. ಹಿಂದ ಭಾರ ಆದ್ರ, ಒಮ್ಮಿ ಎದ್ದ ಮೂತಿ ತಿರುಗಿ ಇಳ್ಯಾಂಗಿಲ್ಲ. ಅದಕ್ಕ ಮುಂದೂ ಭಾರ ಹಾಕೀನಿ.”

“ಬಾಲ ಯಾಕ ಭಾರ ಆತು?”

ಅವನು ದಪ್ಪಗಾಗಿದ್ದ ಬಾಲದ ಮೇಲೆ ಸುಮ್ಮನೆ ಬೆರಳಾಡಿಸಿದ. ಅವಳಿಗೆ ತಿಳಿಯಿತು.

“ಗೊತ್ತಿದ್ದೂ ಸುಮ್ನಿದ್ರೇನು?”

“ಮೂರು ವರ್ಷ ನನ್ನ ಮೈ ತೊಳದಾಕಿ ನೀ. ನೀ ಸುತ್ತಿದ ಪಟ್ಟಿ ಬ್ಯಾಡ ಅಂತ ಯಾವ ಬಾಯಿಲೆ ಹೇಳಲಿ?”

ದ್ರಾಕ್ಷಾಯಿಣಿಗೆ ಸಿಟ್ಟೂ ಬಂತು, ಅಳುವೂ ಬಂತು. “ಬ್ಲೌಸಿನ ತೋಳು ಬಿಗಿ ಆದ್ರ ಹೆಣ್ಮಕ್ಕಳು ಮುಖದ ಮ್ಯಾಲ ಹೇಳ್ತಾರ್ರಿ. ನಾ ಬಿಚ್ಚಿ ಹೊಲದು ಕೊಡ್ತೀನಿ. ನಿಮಗ ಹೇಳಾಕ ಏನಾಗಿತ್ತು?” ಎಂದವಳೇ ಕತ್ತರಿ ತಂದು ಬಾಲವನ್ನು ಬುಡಕ್ಕೇ ಕತ್ತರಿಸಿ ಹಾಕಿದಳು. ಅವನು ಬೆಚ್ಚಿಬಿದ್ದ; ಆಮೇಲೆ ನಗತೊಡಗಿದ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಕೇಳಿದ ನಗು ಅದು.

ತೆಳ್ಳನೆ ಥರ್ಮಾಕೋಲಿಗೆ ಬಿದಿರಿನ ಒಂದು ಸೀಳು ಕೂಡಿಸಿ ಹೊಸ ಬಾಲ ಮಾಡಿದರು. ನಟ್ಟುಗಳನ್ನೆಲ್ಲ ತೆಗೆದರು. ರೆಕ್ಕೆಯ ಅಗಲದಲ್ಲಿ ಮುಂದಿನ ಅಂಚಿನಿಂದ ಮೂರನೆಯ ಒಂದು ಪಾಲಿಗೆ ಅವನು ಎರಡೂ ಬದಿ, ತೂಕ ಸಮವಾಗಬೇಕಾದ ಜಾಗವೆಂದು, ಗುರುತು ಹಾಕಿದ. ಅವಳು ಅಲ್ಲಿ ಎರಡು ಬೆರಳ ತುದಿ ಕೊಟ್ಟು ವಿಮಾನವನ್ನು ಎತ್ತಿ ಹಿಡಿದಳು. ಅವನು ಬ್ಯಾಟರಿಯನ್ನು ತುಸುತುಸುವೇ ಸರಿಸುತ್ತ ಹೋದ. ಓಲಾಡುತ್ತಿದ್ದ ವಿಮಾನ ಮೂತಿಯನ್ನು ಕೊಂಚ ಬಗ್ಗಿಸಿ ಅವಳ ಬೆರಳ ಮೇಲೆ ನಿಂತಿತು. “ಸಾಕು, ಸಾಕು! ಅಲ್ಲಾಡಬ್ಯಾಡ” ಎಂದು ಅವನು ಅಲ್ಲೇ ಬ್ಯಾಟರಿ ಬಿಗಿದ.

ಮರುದಿನ ಬೆಳಿಗ್ಗೆ ಅವಳು ಎಸೆಯಲೇ ಇಲ್ಲ, ಮೆಲ್ಲಗೆ ತಳ್ಳಿದಳು ಅಷ್ಟೇ. ವಿಮಾನ ಏರಿತು. ಗವಿಸಿದ್ದೇಶ ಬೇಕೆಂದೇ ಮೂತಿ ಎತ್ತಿಸಿ ರಿಮೋಟಿನಿಂದ ಬೆರಳು ತೆಗೆದ. ಮೂತಿ ನಿಧಾನಕ್ಕೆ ತಾನಾಗಿ ಇಳಿದು, ವಿಮಾನ ನೆಟ್ಟಗೆ ಸಾಗಿತು.

“ನೋಡಿದಿ? ತಾನಾ ಇಳೀತು!” ಎಂದು ಅವನು ಕೂಗಿದ ಕೂಗಿಗೆ ಹೊಲದ ಬೆಳವಕ್ಕಿಗಳು ಎದ್ದವು.

ಮೋಟರು ನಿಲ್ಲಿಸಿದ ಮೇಲೆ ಅದು ತೇಲುತ್ತ ಬಂದು ಹೊಟ್ಟೆಯೂರಿ ಕೂತಿತು. ದ್ರಾಕ್ಷಾಯಿಣಿ ಅದನ್ನು ಎತ್ತಿಕೊಂಡು ಬಂದಾಗ ಗಂಡ ರಿಮೋಟನ್ನು ಅವಳ ಕಡೆ ಚಾಚಿದ.

“ಈಗ ನೀ ಹಾರಿಸು.”

“ಯವ್ವಾ, ನನಗ ಬರಾಂಗಿಲ್ಲ! ಮತ್ತ ಎಸಿಯಾವರು ಯಾರು?”

“ನನ್ನ ಕೈಗೇನಾಗೈತಿ?”

ಅವನು ಸೈಕಲ್ಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ವಿಮಾನವನ್ನು ಗಾಳಿಗೆ ಬಿಟ್ಟ. ಅವಳು ರಿಮೋಟನ್ನು ಎದೆಗವಚಿಕೊಂಡು, ಎಡವೋ ಬಲವೋ ತಿಳಿಯದೆ, ಅವನು ಹೇಳಿದ ಕಡೆಯೆಲ್ಲ ಬೆರಳು ಒತ್ತಿದಳು. ವಿಮಾನ ಕಪ್ಪು ಹೊಲದ ಮೇಲೆ ದೊಡ್ಡದೊಂದು ಸುತ್ತು ಹಾಕಿತು.