ಕಿಟಕಿಯ ನೀಲಿ ಸೀಸೆ ಮತ್ತು ಡಾ. ಶಿವರುದ್ರಸ್ವಾಮಿಯವರು

ದನದ ವೈದ್ಯರೆಂದರೆ ಎತ್ತಿನ ಗೊರಸು, ಹಸುವಿನ ಕೆಚ್ಚಲು ನೋಡುವವರು ಎಂದಷ್ಟೇ ನಮ್ಮ ಸೀಮೆ ತಿಳಿದಿದ್ದ ಕಾಲದಲ್ಲಿ, ಕಾಡಿನ ಮೃಗ ಏಕೆ ಸತ್ತಿತೆಂದು ಕೇಳಿ, ಉತ್ತರ ಸಿಗುವವರೆಗೆ ಸುಮ್ಮನೆ ಕೂರದವರು ಡಾ. ಶಿವರುದ್ರಸ್ವಾಮಿಯವರು. ಕಾಟಿಯೆಂಬ ಕಾಡುಕೋಣಕ್ಕೂ ಊರಿನ ಎತ್ತಿಗೂ ಕೆರೆ ಒಂದೇ, ಹುಲ್ಲು ಒಂದೇ, ಆದ್ದರಿಂದ ರೋಗವೂ ಒಂದೇ ಎಂಬುದು ಅವರ ವಿದ್ಯೆಯ ತಿರುಳು. ಗುಂಡ್ಲುಪೇಟೆಯ ದನದ ಆಸ್ಪತ್ರೆಯಲ್ಲಿ ಹುಲ್ಲು ತುಂಬಿಡುತ್ತಿದ್ದ ಎರಡು ಕೋಣೆಗಳನ್ನು ಕಾಡಿ ಬೇಡಿ ಪಡೆದು, 1951ರಲ್ಲಿ ವನ್ಯಮೃಗಗಳ ರೋಗ ಪತ್ತೆಯ ಪ್ರಯೋಗಾಲಯವನ್ನು ಅವರು ತೆರೆದಾಗ, ಇನ್ನು ಹುಲಿಗೂ ಔಷಧ ಕುಡಿಸುತ್ತಾರಂತೆ ಎಂದು ಊರವರು ನಕ್ಕರು. ಸ್ವಾಮಿಯವರೂ ಜೊತೆಗೂಡಿ ನಕ್ಕರು. ನಗುವುದರಲ್ಲಿ ಅವರು ಎಂದೂ ಜಿಪುಣರಲ್ಲ.

ಅಂದಿನಿಂದ ಈಗಿನ ನಿವೃತ್ತಿಯವರೆಗಿನ ಎಂಟು ವರ್ಷಗಳ ಸೇವೆಯನ್ನು ಪೂರ್ತಿ ಬರೆಯಹೊರಟರೆ ಈ ಅಭಿನಂದನಾ ಸಂಚಿಕೆಯ ಸಂಪಾದಕರು ನನ್ನ ಕೈ ಹಿಡಿದು ನಿಲ್ಲಿಸಿಯಾರು. ಒಂದೇ ಬೇಸಿಗೆಯ ಮಾತು ಹೇಳುತ್ತೇನೆ.

1956ರ ಮೇ ತಿಂಗಳಲ್ಲಿ ಉಮ್ಮತ್ತೂರಿನ ರೈತರ ಮಗಳು, ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ಯಶೋದಮ್ಮನವರು, ಎರಡು ತಿಂಗಳ ತರಬೇತಿಗೆಂದು ತಗಡಿನ ಪೆಟ್ಟಿಗೆ ಹಿಡಿದು ಬಸ್ಸಿಳಿದರು. ಹೆಣ್ಣುಮಗಳಿಗೆ ಸತ್ತ ಪ್ರಾಣಿಯ ರಕ್ತ ಮುಟ್ಟುವ ಕೆಲಸವೇ ಎಂದು ಹುಬ್ಬೇರಿಸಿದ್ದ ಮೇಲಧಿಕಾರಿಯೊಬ್ಬರು, ಒಂದು ತಪ್ಪು ಕಂಡರೂ ವಾಪಸು ಕಳಿಸತಕ್ಕದ್ದೆಂದು ಕಾಗದ ಬರೆದಿದ್ದರು. ಸ್ವಾಮಿಯವರು ಅದನ್ನು ಓದಿ ಮಡಿಚಿಟ್ಟು, ಜವಾನ ದೊಡ್ಡಬೀರಯ್ಯನಿಗೆ ಇನ್ನೊಂದು ಸ್ಟೂಲು ತರಲು ಹೇಳಿದರು. ಅವರ ಶ್ರೀಮತಿ ಶಾಂತಮಲ್ಲಮ್ಮನವರು ತಮ್ಮ ಮನೆಯಲ್ಲೇ ಕೋಣೆ ಕೊಟ್ಟು, ಎರಡು ತಿಂಗಳೂ ಬಿಸಿ ಮುದ್ದೆ ಬಡಿಸಿದರು. ಆ ಕಾಗದದ ಸುದ್ದಿ ಮಾತ್ರ ಯಶೋದಮ್ಮನವರ ಕಿವಿಗೂ ಬಿದ್ದಿತ್ತು. ಹಾಗಾಗಿ ಅವರ ಉತ್ಸಾಹಕ್ಕೆ ತುಸು ಭಯದ ಒಗ್ಗರಣೆಯೂ ಇತ್ತು.

ಮೊದಲ ವಾರ ಸ್ವಾಮಿಯವರು ಚಾಮರಾಜನಗರದ ಕ್ಯಾಂಪಿಗೆ ಹೋಗಿದ್ದ ದಿನ ಯಶೋದಮ್ಮನವರು ಪ್ರಯೋಗಾಲಯವನ್ನೆಲ್ಲ ಗುಡಿಸಿ ಒರೆಸಿದರು. ಬಿಸಿಲು ಬೀಳುವ ಕಿಟಕಿಯ ಮೇಲೆ ಹತ್ತಿ ತುರುಕಿದ ಒಂದು ಸೀಸೆಯಿತ್ತು. ಅದರಲ್ಲಿ ರಕ್ತದ ಕ್ರಿಮಿಗಳು ಕಾಣಲೆಂದು ಹಾಕುವ ನೀಲಿ ಬಣ್ಣ ಅರ್ಧದಷ್ಟು, ಮೇಲೆ ಧೂಳು, ಅಂಚಿನಲ್ಲಿ ಕರೆ. ಕೆಟ್ಟುಹೋದ ಬಣ್ಣವೆಂದು ಬಗೆದು ಅದನ್ನು ಮೋರಿಗೆ ಸುರಿದು, ಸೀಸೆ ತೊಳೆದು, ಪುಸ್ತಕದ ಅಳತೆಯಂತೆ ಹೊಸ ನೀಲಿ ಕಲಸಿ ಅಲ್ಲೇ ಇಟ್ಟರು. ಹೇಳಿಕೊಳ್ಳುವಂಥ ಕೆಲಸವೆಂದು ಅವರಿಗೆ ಅನಿಸಲಿಲ್ಲ.

ಮೂರನೆಯ ವಾರ, ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ಊರ ದನ ಕಾಯುವ ಪುಟ್ಟಮಾದು ಬೆಳಿಗ್ಗೆಯೇ ಬಂದು ನಿಂತ.

“ಕೆರೆ ದಡದಲ್ಲಿ ಕಾಟಿ ಸತ್ ಬಿದ್ದದೆ ಸಾಮಿ. ಮೂಗ್ನಲ್ಲಿ ರಕ್ತ. ಬ್ಯಾರೆ ಕೆರೆಗಳೆಲ್ಲ ಬತ್ತೋಗವೆ, ಇನ್ನೂರು ದನ ಅಲ್ಲೇ ನೀರ್ಗೆ ಇಳೀಬೇಕು. ಬುಡ್ಲಾ, ಬ್ಯಾಡ್ವಾ?”

ಅದು ಇಂಗ್ಲಿಷಿನಲ್ಲಿ ಆಂಥ್ರಾಕ್ಸ್ ಎನ್ನುವ ನೆರಡಿ ರೋಗವಾಗಿದ್ದರೆ ಆ ದಡದ ಹುಲ್ಲು, ನೀರು ಎರಡೂ ವಿಷವೇ. ಸ್ವಾಮಿಯವರು ಅವನೊಡನೆ ಹೋಗಿ, ಹೆಣವನ್ನು ಸೀಳದೆ, ಕಿವಿಯಿಂದ ಒಂದು ಹನಿ ರಕ್ತವನ್ನು ಎರಡು ಗಾಜುಗಳಿಗೆ ಸವರಿ ತಂದರು. ಯಶೋದಮ್ಮನವರು ಒಂದಕ್ಕೆ ಕಿಟಕಿಯ ಸೀಸೆಯ ಬಣ್ಣ ಹಾಕಿದರು. ಸೂಕ್ಷ್ಮದರ್ಶಕದಲ್ಲಿ ನೀಲಿ ಕಡ್ಡಿಗಳಂಥ ಕ್ರಿಮಿಗಳೇನೋ ಕಂಡವು, ನೆರಡಿಯ ಗುರುತಾದ ಗುಲಾಬಿ ಅಂಚು ಕಾಣಲಿಲ್ಲ. ಹೆಣ ಕೊಳೆತಾಗ ಹುಟ್ಟುವ ಕ್ರಿಮಿಗಳಿರಬೇಕೆಂದು ಬಗೆದ ಸ್ವಾಮಿಯವರು, ದನಗಳನ್ನು ನೀರಿಗೆ ಬಿಡಬಹುದೆಂದು ಹೇಳಿ ಪುಟ್ಟಮಾದುವನ್ನು ಕಳಿಸಿಕೊಟ್ಟರು.

ಆಮೇಲೆ ಸೀಸೆಯನ್ನು ಮಮತೆಯಿಂದ ಒರೆಸುತ್ತ ಅವರೆಂದರು: “ಒಂಬತ್ತು ತಿಂಗಳು ಬಿಸಿಲು ಕುಡಿದು ಹಣ್ಣಾದ ಬಣ್ಣವಮ್ಮ ಇದು. ಹೊಸ ನೀಲಿಯಲ್ಲಿ ಆ ಗುಲಾಬಿ ಹುಟ್ಟುವುದೇ ಇಲ್ಲ.”

ತಾವು ಮೋರಿಗೆ ಸುರಿದದ್ದು ಏನೆಂದು ಯಶೋದಮ್ಮನವರಿಗೆ ಆಗ ತಿಳಿಯಿತು. ಆ ದಿನ ಮೋರಿ ನೀಲಿಯಾಗಿ ಹರಿದದ್ದನ್ನು ಕಂಡಿದ್ದ ಬೀರಯ್ಯನಿಗೂ ಈಗಲೇ ಅದರ ಅರ್ಥ ಹೊಳೆಯಿತು. ಅವನು ಹತ್ತಿರ ಬಂದು ಪಿಸುಗುಟ್ಟಿದ: “ಸುಮ್ಕಿರು ಕಣಮ್ಮಿ. ಈಗ ಬಾಯ್ ಬುಟ್ರೆ ನಿನ್ನ ಮನೆಗ್ ಕಳಿಸ್ಬುಡ್ತಾರೆ.”

ಅವನದು ಕೆಟ್ಟ ಮನಸ್ಸಲ್ಲ, ಮಗಳಂಥವಳ ಮೇಲಿನ ಅಕ್ಕರೆ. ಆದರೆ ಪುಟ್ಟಮಾದು ಆಗಲೇ ಊರ ದಾರಿ ಹಿಡಿದಿದ್ದ. ಯಶೋದಮ್ಮನವರು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು.

ಸ್ವಾಮಿಯವರು ಆ ಕ್ಷಣವೇ ಸೈಕಲ್ ಹತ್ತಿದರು. ಐವತ್ತೆರಡರ ಪ್ರಾಯ, ಜೊತೆಗೆ ಶಾಂತಮಲ್ಲಮ್ಮನವರ ಕೈರುಚಿ ಬೆಳೆಸಿದ ಹೊಟ್ಟೆ. ಮುಂದಿನದನ್ನು ಪುಟ್ಟಮಾದು ಇಂದಿಗೂ ಹೀಗೆ ಹೇಳುತ್ತಾನೆ: “ಉಬ್ಬಿನಲ್ಲಿ ಸೈಕಲ್ ಎಸ್ದು ಓಡೋಡಿ ಬಂದ್ರು ಕಣ. ‘ನಾನು ತಪ್ಪು ಹೇಳ್ಬಿಟ್ಟೆ, ದನ ತಡಿಯಪ್ಪ’ ಅಂದ್ರು. ಅಷ್ಟು ದೊಡ್ಡ ಡಾಕ್ಟ್ರು.”

ಅವರು ಬೆವರಿಳಿಸುತ್ತ ಹಿಂದಿರುಗಿದಾಗ ಯಶೋದಮ್ಮನವರ ತಗಡಿನ ಪೆಟ್ಟಿಗೆ ಬಾಗಿಲಲ್ಲಿತ್ತು. “ಪೆಟ್ಟಿಗೆ ಆಮೇಲೆ ಕಟ್ಟುವಿರಂತೆ, ಆ ಇನ್ನೊಂದು ಗಾಜು ತನ್ನಿ” ಎಂದು, ಕ್ಯಾಂಪಿನ ಚೀಲದಲ್ಲಿದ್ದ ಪುಟ್ಟ ಬಾಟಲಿಯಿಂದ ಹಳೆಯ ಬಣ್ಣದ ಕಡೆಯ ಹನಿಗಳನ್ನು ಹಾಕಿಸಿದರು. ನೀಲಿ ಕಡ್ಡಿಗಳ ಸುತ್ತ ತೆಳ್ಳಗೆ ಗುಲಾಬಿ ಮೂಡಿತು. ನೆರಡಿಯೇ.

ಕಾಟಿಯನ್ನು ಸುಣ್ಣ ಹಾಕಿ ಆಳದಲ್ಲಿ ಹೂಳಲಾಯಿತು. ಕೆರೆಗೆ ಮುಳ್ಳಿನ ಬೇಲಿ ಬಿತ್ತು, ಬೆಂಗಳೂರಿನಿಂದ ಲಸಿಕೆ ಬಂತು. ಹದಿನೈದು ದಿನ ಊರಿನ ಹೆಂಗಸರು ಬಾವಿಯಿಂದ ಸೇದಿ ದನಗಳಿಗೆ ನೀರೆರೆದರು. ಬೇಲಿಗೆ ಮೊದಲೇ ನುಸುಳಿದ್ದ ಒಂದು ಕಡಸು ಸತ್ತಿತು, ಉಳಿದವೆಲ್ಲ ಉಳಿದವು.

ಮೇಲಧಿಕಾರಿಗೆ ಹೋಗುವ ವರದಿಯನ್ನು ಶುದ್ಧಪ್ರತಿ ಮಾಡಲು ಸ್ವಾಮಿಯವರು ಯಶೋದಮ್ಮನವರಿಗೇ ಕೊಟ್ಟರು. ಅದರಲ್ಲಿ ತಮ್ಮ ಹೆಸರು ಎಲ್ಲಿ ಬರುವುದೋ ಎಂದು ಅಂಜುತ್ತ ಬರೆದುಕೊಂಡು ಹೋದವರಿಗೆ ಸಿಕ್ಕ ಸಾಲು ಇಷ್ಟೇ: “ಸೀಸೆಯ ಮೇಲೆ ಹೆಸರು, ತಾರೀಖು ಬರೆಯದೆ ಇಟ್ಟದ್ದು ನನ್ನ ತಪ್ಪು, ಅದನ್ನು ಹೊತ್ತಿಗೆ ಸರಿಯಾಗಿ ಗುರುತಿಸಿದವರು ತರಬೇತಿಯ ವಿದ್ಯಾರ್ಥಿನಿ.” ಆ ಪುಟದಲ್ಲಿ ಹನಿ ಬಿದ್ದು ಶಾಯಿ ಒಂದೆಡೆ ಕದಡಿದೆ. ಕಚೇರಿಯ ಪ್ರತಿಯನ್ನು ನಾನೇ ನೋಡಿದ್ದೇನೆ.

ಯಶೋದಮ್ಮನವರು ಪದವಿ ಪಡೆದು ಈಗ ಅದೇ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಾರೆ. ಅಂದಿನಿಂದ ಕಿಟಕಿಯ ಸೀಸೆಗೆ ಚೀಟಿ ತಪ್ಪಿಲ್ಲ. ಈ ವರ್ಷ, 1959ರಲ್ಲಿ, ನಿವೃತ್ತಿಗೆ ಒಂದು ವಾರ ಮೊದಲು ಸ್ವಾಮಿಯವರು ತಮ್ಮ ಕೈಯಾರೆ ಹೊಸ ನೀಲಿ ಕಲಸಿ ಅಲ್ಲಿಟ್ಟರು. ನಿವೃತ್ತರಾಗುವವರು ಒಂಬತ್ತು ತಿಂಗಳ ಕೆಲಸಕ್ಕೆ ಕೈಹಾಕುತ್ತಾರೆಯೇ ಎಂದು ನಾವು ಆಸ್ಪತ್ರೆಯವರು ಛೇಡಿಸಿದೆವು. ಅವರು ಎಂದಿನಂತೆ ನಕ್ಕರು.

ಸ್ವಾಮಿಯವರಿಗೂ ಶಾಂತಮಲ್ಲಮ್ಮನವರಿಗೂ ನೂರು ವರ್ಷದ ಆಯುಸ್ಸು, ಕಣ್ಣಿನ ಬೆಳಕು, ಸೈಕಲ್ ತುಳಿಯುವ ಕಾಲುಬಲ ಇರಲಿ ಎಂಬುದು ನಮ್ಮೆಲ್ಲರ ಹಾರೈಕೆ. ಸೀಸೆಯ ಚೀಟಿಗೆ ಯಶೋದಮ್ಮನವರು ತಾರೀಖಿನ ಕೆಳಗೆ ಒಂದು ಸಾಲು ಸೇರಿಸಿದ್ದಾರೆ: “ಬಣ್ಣ ಹಣ್ಣಾದಾಗ ಮೊದಲ ಗಾಜು ನೋಡಲು ಡಾಕ್ಟರನ್ನು ಕರೆಯುವುದು.” ಸ್ವಾಮಿಯವರ ಸ್ಟೂಲನ್ನು ಬೀರಯ್ಯ ಯಾರಿಗೂ ಕೊಟ್ಟಿಲ್ಲ.