ಜುವಾನಿಯ ಹೆಸರು ಬಿಟ್ಟ ಪುಸ್ತಕ

ಲೂಸಿಯ ಎದುರು ‘ಪಾಪ, ಸಿದ್ದಿ ಜನ’ ಅಂದವರು ಎರಡನೇ ಸಲ ಅಂದದ್ದಿಲ್ಲ. ಹಳಿಯಾಳ ತಾಲೂಕಿನ ಕಾಡಂಚಿನ ಊರಿನ ಹೆಂಗಸು, ವಯಸ್ಸು ಐವತ್ತೆಂಟು. ಕಬ್ಬು ಕಡಿದಿದ್ದಾಳೆ, ಕುಳಗಿಯಲ್ಲಿ ಅರಣ್ಯ ಇಲಾಖೆಯ ಸಸಿಗಳಿಗೆ ನೀರು ಹಾಕಿದ್ದಾಳೆ, ಗಂಡ ಪಾವ್ಲು ತೀರಿಕೊಂಡ ಮೇಲೆ ಒಂದೆಕರೆ ಭತ್ತದ ಗದ್ದೆಯನ್ನು ಒಬ್ಬಳೇ ಮಾಡಿದ್ದಾಳೆ. ಬಸ್ಸಿನಲ್ಲಿ ಯಾರಾದರೂ ಅವಳ ಗುಂಗುರು ಕೂದಲು ನೋಡಿ “ಯಾವ ದೇಶದವರ್ರೀ?” ಎಂದರೆ, “ನಿಮ್ಮಜ್ಜಗ ಕೇಳ್ರಿ, ನಾವು ಬಂದಾಗ ಅಂವಾ ಇನ್ನೂ ಹುಟ್ಟಿದ್ದಿಲ್ಲ” ಅನ್ನುವವಳು. ಬಾಯಿ ಜೋರು, ನಿಜ. ಬಾಯಿ ಇಲ್ಲದವರನ್ನು ಈ ಲೋಕ ಎಲ್ಲಿ ಬಾಳಗೊಡುತ್ತದೆ, ನೀವೇ ಹೇಳಿ.

ಅವಳ ಮನೆಯ ಮೂಲೆಯಲ್ಲಿ ಮೇರಿಮಾತೆಯ ಪಟ, ಅದರ ಪಕ್ಕದಲ್ಲೇ ಹಿರಿಯರ ಹೆಸರಿನ ತೆಂಗಿನಕಾಯಿ. ಇಬ್ಬರಿಗೂ ಜಗಳವಿಲ್ಲ. ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಇಡುವ ದಿನ, ತೀರಿಹೋದವರ ಹೆಸರುಗಳನ್ನು ಮೊದಲಿನಿಂದ ಗಟ್ಟಿಯಾಗಿ ಕರೆಯಬೇಕು. ಒಂದು ಹೆಸರು ಬಿಟ್ಟುಹೋದರೆ ಮತ್ತೆ ಮೊದಲಿನಿಂದ ಶುರು. ಪೂರ್ತಿ ಆಗುವ ತನಕ ಮನೆಯವರು ಯಾರೂ ಎಲೆ ಮುಟ್ಟುವ ಹಾಗಿಲ್ಲ.

ಒಟ್ಟು ಹನ್ನೊಂದು ಹೆಸರು. ಮೊದಲನೆಯದು ಜುವಾನಿ. ಗೋವೆಯಲ್ಲಿ ಯಾವನೋ ದೊರೆಯ ಅಡುಗೆಮನೆಯಿಂದ, ಹಸುಗೂಸನ್ನು ಬೆನ್ನಿಗೆ ಬಿಗಿದುಕೊಂಡು ಓಡಿ, ಘಟ್ಟ ಹತ್ತಿ ಈ ಕಾಡು ಸೇರಿದವಳು. ಆ ಕೂಸಿನ ಹೆಸರು ಬಸ್ತ್ಯಾಂವ. ಅವನಿಂದ ಈ ಮನೆತನ.

ಹೋದ ವರ್ಷ ಮಹಾಬಳೇಶ್ವರ ಮಾಸ್ತರರು ಇವರ ಮನೆಗೆ ಬಂದರು. ನಿವೃತ್ತ ಶಿಕ್ಷಕರು, ಸಜ್ಜನರು. ಹಳೆಯ ಬಖರು, ದಫ್ತರ ಎಂದು ಸಿಕ್ಕ ದಾಖಲೆಗಳನ್ನೆಲ್ಲ ಜಾಲಾಡಿ ಸೀಮೆಯ ಇತಿಹಾಸ ಬರೆಯುತ್ತಿದ್ದರು. ರಕ್ಷಾಪುಟಕ್ಕೆ ಸಿದ್ದಿಗಳು ಸೊಪ್ಪು ಕಟ್ಟಿಕೊಂಡು ಡಮಾಮಿ ಬಾರಿಸುವ ಫೋಟೋ ಬೇಕಿತ್ತಂತೆ.

“ಫೋಟೋ ಇರ್ಲಿ. ನಮ್ಮ ಬಗ್ಗೆ ಏನು ಬರದೀರಿ, ಅದನ್ನ ಮೊದಲ ಓದ್ರಿ” ಅಂದಳು ಲೂಸಿ.

ಮಾಸ್ತರರು ಓದಿದರು: “ಸಿದ್ದಿಗಳು ಪೋರ್ತುಗೀಜರು ತಂದ ಗುಲಾಮರು. ಇವರಿಗೆ ಇತಿಹಾಸವಿಲ್ಲ.”

ಎರಡೇ ಸಾಲು! ಲೂಸಿಗೆ ಮೈ ಉರಿದುಹೋಯಿತು.

“ತಂದ್ರು, ಖರೆ ಐತಿ. ಇಟಗೊಳ್ಳಾಕ ಆಗ್ಲಿಲ್ಲಲ್ಲ, ಅದನ್ನ ಯಾಕ ಬರೀಲಿಲ್ಲ? ಓಡಿ ಬಂದೇವ್ರಿ ನಾವು!”

“ದಾಖಲೆ ಬೇಕಲ್ಲವಾ, ಲೂಸಿಬಾಯಿ. ದಫ್ತರದಾಗ ಇದ್ದದ್ದನ್ನ ನಾ ಬರದೇನಿ.”

“ಆ ದಫ್ತರ ಬರದಾವ್ರು ಯಾರು?”

“ಪೋರ್ತುಗೀಜರ ಗುಮಾಸ್ತರು.”

“ಹಂಗಾದ್ರ ಮಾರಿದಾವನ ಚೀಟಿ ನಂಬ್ತೀರಿ, ಓಡಿದಾಕಿ ಮಾತು ನಂಬಂಗಿಲ್ಲ! ಚಲೋ ಐತಿ ನಿಮ್ಮ ನ್ಯಾಯ. ಎಡಿ ಇಡೂ ದಿನ ಬರ್ರಿ, ನಮ್ಮ ದಫ್ತರನೂ ಕೇಳ್ರಿ.”

ಮಾಸ್ತರರು ಬಂದರು. ಆದರೆ ಏನು ಹೇಳಲಿ, ಅವರು ಪೆನ್ನು ಹಿಡಿದು ಎದುರು ಕೂತದ್ದೇ ತಡ, ನಲವತ್ತು ವರ್ಷದಿಂದ ತಪ್ಪದ ಲೂಸಿ ತಪ್ಪಿದಳು. ಏಳನೇ ಹೆಸರು ಹೇಳಿ ಒಂಬತ್ತಕ್ಕೆ ಹಾರಿದ್ದಳು. “ವೈನಿ, ಮಿಂಗೆಲಜ್ಜನ್ನ ಬಿಟ್ಟಿ!” ಎಂದು ಕೂಗಿದವಳು ನಾದಿನಿ ನೀಲಂ. ಪಡಸಾಲೆಯ ತುಂಬ ಕೂತವರೆಲ್ಲ ಹೌದೌದು ಅಂದರು. ಲೂಸಿಯ ಮುಖ ಇಳಿದುಹೋಯಿತು.

ಮಾಸ್ತರರು ಪೆನ್ನಿನ ಟೊಪ್ಪಿಗೆ ಹಾಕಿದರು. “ನೋಡಿದಿರ್ಯಾ? ಬಾಯಿಮಾತು ಅಂದ್ರ ಹಿಂಗs.”

ಆ ಮಾತಿಗೆ ಲೂಸಿಗೆ ಜೀವ ಬಂತು. “ನಾ ತಪ್ಪಿದ್ರ ಹಿಡ್ಯಾಕ ಮನಿ ತುಂಬ ಮಂದಿ ಅದಾರ. ನಿಮ್ಮ ಗುಮಾಸ್ತ ತಪ್ಪು ಬರದಾಗ ಯಾರು ಹಿಡದ್ರು, ಹೇಳ್ರಿ ನೋಡೂಣು?”

ಮಾಸ್ತರರು ಪೆನ್ನಿನ ಟೊಪ್ಪಿಗೆ ತೆಗೆದರು. ಲೂಸಿ ಜುವಾನಿಯಿಂದ ಮತ್ತೆ ಶುರು ಮಾಡಿದಳು, ಅವರು ಹನ್ನೊಂದೂ ಹೆಸರು ಬರೆದುಕೊಂಡರು. ಪುಸ್ತಕದಲ್ಲಿ ಹಾಕುತ್ತೇನೆಂದು ಮಾತು ಕೊಟ್ಟು ಹೋದರು.

ಪುಸ್ತಕ ಬಿಡುಗಡೆ ಹಳಿಯಾಳದ ಒಂದು ಸಭಾಭವನದಲ್ಲಿ. ಲೂಸಿಯ ಕಡೆಯವರು ನಲವತ್ತು ಜನ ಹೋಗಿದ್ದರು, ಸೊಪ್ಪು ಕಟ್ಟಿಕೊಂಡಲ್ಲ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು. ಭಾಷಣವಾಯಿತು, ಶಾಲು ಹೊದಿಸಿದ್ದಾಯಿತು, ಊಟಕ್ಕೆ ಎಲೆ ಬಿತ್ತು. ಬಿಸಿ ಗೋದಿ ಹುಗ್ಗಿ, ಮೇಲೆ ತುಪ್ಪ. ಎಲೆಯ ಮುಂದೆ ಕೂತೇ ನೀಲಂ ಪುಸ್ತಕ ತೆರೆದು ಓದಿದಳು: “ಸಿದ್ದಿಗಳು ಗುಲಾಮಗಿರಿ ಧಿಕ್ಕರಿಸಿ ಓಡಿ ಬಂದವರು.” ಲೂಸಿಯ ಕಣ್ಣು ತುಂಬಿತು. ಕೆಳಗೆ ಹೆಸರುಗಳು. ಬಸ್ತ್ಯಾಂವ, ಇನಾಸ, ಸಾಂತು...

“ತಡಿ! ಮೊದಲ್ನೇದು ಓದು.”

“ಮೊದಲ್ನೇದು ಬಸ್ತ್ಯಾಂವನs ಐತಿ, ವೈನಿ.”

ಲೂಸಿ ಎದ್ದು ನಿಂತಳು. “ಕೈ ತಗೀರಿ! ಹೆಸರು ಬಿಟ್ಟೈತಿ.”

ನಲವತ್ತು ಕೈಗಳು ಎಲೆಯಿಂದ ಹಿಂದೆ ಸರಿದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾಸ್ತರರು ಓಡಿ ಬಂದರು.

“ವಂಶಾವಳಿ ಗಂಡಸಿನಿಂದ ಶುರು ಮಾಡೂದು ಪದ್ಧತಿ, ಲೂಸಿಬಾಯಿ. ಹೆಂಗಸಿನ ಹೆಸರು... ಐನೂರು ಪ್ರತಿ ಅಚ್ಚಾಗಿ ಹೋಗ್ಯಾವ. ಮುಂದಿನ ಮುದ್ರಣದಾಗ ಸೇರಸ್ತೇನಿ. ಈಗ ಊಟ ಮಾಡ್ರಿ.”

“ಮಾಸ್ತರ್ರ, ಆ ಹಾಲುಗೂಸು ತಾನs ನಡಕೊಂತ ಘಟ್ಟ ಹತ್ತಿತೇನ್ರಿ?”

ಬಡಿಸುವವರು ಸೌಟು ಹಿಡಿದಲ್ಲೇ ನಿಂತರು. ಅಷ್ಟು ದಫ್ತರ ಓದಿದ ಮನುಷ್ಯ, ಈ ಪ್ರಶ್ನೆಗೆ ಉತ್ತರ ಯಾವ ದಫ್ತರದಲ್ಲಿ ಹುಡುಕಿಯಾರು? ಮಾಸ್ತರರು ಜೇಬಿನಿಂದ ಪೆನ್ನು ತೆಗೆದರು. ಪುಸ್ತಕದ ಗಂಟುಗಳನ್ನು ಬಿಚ್ಚಿಸಿದರು. ಹಂಚಿದ್ದನ್ನೂ ವಾಪಸು ಕೇಳಿ ಪಡೆದರು. ಒಂದೊಂದೇ ಪ್ರತಿ ತೆರೆದು, ಬಸ್ತ್ಯಾಂವನ ಮೇಲೆ ‘ಜುವಾನಿ’ ಎಂದು ಬರೆಯತೊಡಗಿದರು. ನೀಲಂ ಇನ್ನೊಂದು ಪೆನ್ನು ಹಿಡಿದು ಪಕ್ಕದಲ್ಲಿ ಕೂತಳು.

ಹುಗ್ಗಿ ಆರಿತು, ತುಪ್ಪ ಹೆಪ್ಪುಗಟ್ಟಿತು. ಉಳಿದ ಪಂಕ್ತಿಯವರೂ ಯಾಕೋ ಎಲೆ ಮುಟ್ಟಲಿಲ್ಲ. ಸಂಜೆ ನಾಲ್ಕಕ್ಕೆ ಕೊನೆಯ ಪ್ರತಿ ಲೂಸಿಯ ಕೈಗೆ ಬಂತು. ಅವಳಿಗೆ ಓದಲು ಬಾರದು. ಆದರೂ ಬರೆದ ಜಾಗದ ಮೇಲೆ ಬೆರಳಿಟ್ಟು ಜುವಾನಿಯಿಂದ ಹಿಡಿದು ಹನ್ನೊಂದೂ ಹೆಸರು ಕರೆದಳು. ಈ ಸಲ ಯಾರೂ ನಡುವೆ ತಡೆಯಲಿಲ್ಲ.

“ಹಾಂ, ಈಗ ಬಡಸ್ರಿ” ಅಂದಳು. “ಮಾಸ್ತರ್ರಿಗೆ ಮೊದಲ.”